ಪದ್ಮಿನಿಯ ಚೋಕ್ ಕೇಬಲ್: ಬೈಕಿನ ಬ್ರೇಕ್ ವೈರಲ್ಲಿ ಮಾಡಿಕೊಳ್ಳಲಾ, ಮುಂಬೈನಿಂದ ಒರಿಜಿನಲ್ ತರಿಸಲಾ?

ಎರಡೂ ಬೇಡ. ಚೋಕ್ ಅಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲಿ ಅಂತ ಒಳಗೆ ಹೋಗುವ ಗಾಳಿ ಕಡಿಮೆ ಮಾಡುವ ಕವಾಟ; ಅದನ್ನು ಡ್ಯಾಶ್‌ಬೋರ್ಡಿನ ನಾಬ್‌ಗೆ ಜೋಡಿಸುವ ತಂತಿಯೇ ಈ ಕೇಬಲ್. ಚೋಕ್‌ಗೆ ಬೈಕಿನ ಬ್ರೇಕ್ ವೈರ್ ಅಂತೂ ಖಂಡಿತ ಬೇಡ. ನಾನು ಹಾಕಿದ್ದೆ. ಇದೇ ದಾವಣಗೆರೆಯಲ್ಲಿ, ಇದೇ ಪ್ರೀಮಿಯರ್ ಪದ್ಮಿನಿ ಕಾರಿಗೆ. ಕೊನೆಗೆ ಎಂಜಿನ್ ಬಿಚ್ಚಿಸಬೇಕಾಯಿತು.

ಅದು ನಮ್ಮಪ್ಪನ ಕಾರು. ಹತ್ತಿ ವ್ಯಾಪಾರ ಅಂತ ಜಗಳೂರು, ಹರಪನಹಳ್ಳಿ, ಚಿತ್ರದುರ್ಗ ಎಲ್ಲ ಅದರಲ್ಲೇ ತಿರುಗಿದವರು ಅವರು. ಮನೆಯಲ್ಲಿ ಈಗಲೂ ಅದನ್ನು ಫಿಯಟ್ ಅಂತಲೇ ಕರೆಯುತ್ತೇವೆ. ಫಿಯಟ್ 1100 ತಾನೇ ಅದರ ಮೂಲ. ಚೋಕ್ ಕೇಬಲ್ ತುಕ್ಕು ಹಿಡಿದು ತುಂಡಾಯಿತು. ಹೊಸದು ಎಲ್ಲೂ ಸಿಗಲಿಲ್ಲ. ಬೈಕಿನ ಬ್ರೇಕ್ ಕೇಬಲ್ ಕೈಗೆ ಸಿಕ್ಕಿತು, ಉದ್ದವೂ ಸಾಕಾಯಿತು. ನಾಬ್ ಎಳೆದೆ, ಎಂಜಿನ್ ಸ್ಟಾರ್ಟ್ ಆಯಿತು. ನಾಬ್ ಒಳಗೆ ತಳ್ಳಿದೆ, ಡ್ಯಾಶ್‌ಬೋರ್ಡಿಗೆ ಅಂಟಿ ಕೂತಿತು. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಬ್ರೇಕ್ ವೈರ್ ಅಂದರೆ ಸಣ್ಣ ಸಣ್ಣ ಎಳೆಗಳನ್ನು ಹೊಸೆದ ತಂತಿ. ಎಳೆಯುವ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಬ್ರೇಕಿನಲ್ಲಿ ವಾಪಸ್ ಎಳೆಯೋಕೆ ಸ್ಪ್ರಿಂಗ್ ಇರುತ್ತೆ, ಹಾಗಾಗಿ ತಂತಿ ತಳ್ಳಬೇಕಾಗಿಲ್ಲ. ಚೋಕ್ ಹಾಗಲ್ಲ. ನಾಬ್ ಒಳಗೆ ಹಾಕಿದಾಗ ಅದೇ ತಂತಿ, ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬುರೇಟರಿನ ಲಿವರನ್ನು ಹಿಂದಕ್ಕೆ ದೂಡಬೇಕು. ಪಾಯಜಾಮಕ್ಕೆ ಲಾಡಿ ಪೋಣಿಸೋಕೆ ಪಿನ್ನು ಯಾಕೆ ಬೇಕು? ಬರೀ ಲಾಡಿ ತಳ್ಳಿದರೆ ಅಲ್ಲೇ ಮುದುರಿಕೊಳ್ಳುತ್ತೆ, ಅಲ್ವಾ? ನನ್ನ ಕೇಬಲ್ಲೂ ಹಾಗೇ ಬಾನೆಟ್ ಒಳಗೆ ಬಾಗಿ ನಿಂತಿತ್ತು. ನಾಬ್ ಪೂರ್ತಿ ಒಳಗೆ, ಲಿವರ್ ಮಾತ್ರ ಅರ್ಧ ದಾರಿಯಲ್ಲಿ. ಅಂದರೆ ಚೋಕ್ ಯಾವಾಗಲೂ ಅರ್ಧ ಆನ್.

ಅರ್ಧ ಚೋಕ್‌ನಲ್ಲಿ ಓಡಿಸಿದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಮೈಲೇಜ್ ಬಿತ್ತು, ಹೊಗೆ ಕಪ್ಪಾಯಿತು. ಪ್ಲಗ್ ಮಸಿ ಹಿಡಿಯಿತು, ಪ್ಲಗ್ ಬದಲಾಯಿಸಿದೆ. ಕಾರ್ಬುರೇಟರ್ ಟ್ಯೂನ್ ಮಾಡಿಸಿದೆ. ಮತ್ತೆ ಅದೇ ಮಸಿ. ನಾಬ್ ಒಳಗಿದೆಯಲ್ಲ ಅಂತ ಚೋಕ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಷ್ಟರಲ್ಲಿ ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗೆ ಇಳಿಯುತ್ತಿತ್ತು. ಡಿಪ್‌ಸ್ಟಿಕ್ ಮೂಸಿ ನೋಡಿದಾಗ ಪೆಟ್ರೋಲ್ ವಾಸನೆ. ಆಯಿಲ್ ಮಟ್ಟ ಇಳಿಯೋ ಬದಲು ಏರಿತ್ತು! ತೆಳುವಾದ ಆಯಿಲ್‌ನಲ್ಲಿ ಪಿಸ್ಟನ್ ರಿಂಗು, ಸಿಲಿಂಡರಿನ ಬೋರು ಎರಡೂ ಸವೆದವು. ಇಷ್ಟಕ್ಕೆಲ್ಲ ಕಾರಣ ಅಗ್ಗದ ಒಂದು ತಂತಿ. ಒಬ್ಬರು ನಾಬ್ ತಳ್ಳುವಾಗ ಇನ್ನೊಬ್ಬರು ಬಾನೆಟ್ ಎತ್ತಿ ಲಿವರ್ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೀವು ಏನೇ ಹಾಕಿ, ಇದನ್ನು ಮಾತ್ರ ನೋಡದೆ ಬಿಡಬೇಡಿ.

ಚೋಕ್‌ಗೆ ಬೇಕಾಗಿರೋದು ಒಂಟಿ ಎಳೆಯ ಗಟ್ಟಿ ಸ್ಪ್ರಿಂಗ್ ಸ್ಟೀಲ್ ತಂತಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಹೋಗಿ, ಡೀಸೆಲ್ ಎಂಜಿನ್ ಆಫ್ ಮಾಡೋ ಸ್ಟಾಪ್ ಕೇಬಲ್ ಕೇಳಿ. ಒಂಟಿ ತಂತಿಯದ್ದೇ ಕೊಡಿ ಅನ್ನಿ. ನಾಬ್ ಸಮೇತ ಬರುತ್ತೆ. ನಮ್ಮ ಕಡೆ ಟ್ರ್ಯಾಕ್ಟರಿಗೇನು ಬರ. ಉದ್ದ ಜಾಸ್ತಿ ಇದ್ದರೆ ಕತ್ತರಿಸಿ. ಮೇಜಿನ ಮೇಲೆ ನೇರ ಇಟ್ಟು ಅಳೆಯಬೇಡಿ, ಕಾರಿನಲ್ಲೇ ಹಾಯಿಸಿ, ತಿರುವು ದೊಡ್ಡದಾಗಿ ಕೊಟ್ಟು ಅಳೆಯಿರಿ. ಔಟರ್ ಅಂದರೆ ತಂತಿಯ ಹೊರಗಿನ ಕೊಳವೆ, ಅದನ್ನು ಕತ್ತರಿಸಿದ ಬಾಯಿಯನ್ನು ಅರದಿಂದ ಉಜ್ಜಿ ಸಮ ಮಾಡಿ. ಇಲ್ಲದಿದ್ದರೆ ಆ ಚೂಪು ಅಂಚು ಒಳಗಿನ ತಂತಿಯನ್ನು ತಿನ್ನುತ್ತೆ. ಲಿವರ್ ಪೂರ್ತಿ ಆಫ್ ಇರುವಾಗ ನಾಬನ್ನು ಎರಡು ಮೂರು ಮಿಲಿಮೀಟರ್ ಹೊರಗೆ ಬಿಟ್ಟು ಸ್ಕ್ರೂ ಬಿಗಿಯಿರಿ. ತಂತಿಯ ತುದಿಗೆ ಕೂರಿಸುವ ಲೋಹದ ಗುಂಡು, ಅಂದರೆ ನಿಪ್ಪಲ್ಲೂ ಬೇಡ, ಬೆಸುಗೆಯೂ ಬೇಡ. ಒರಿಜಿನಲ್ ಅನ್ನೋ ಹೆಸರಿಗೆ ದುಡ್ಡು ಸುರಿಯಬೇಡಿ. ವರ್ಷಗಟ್ಟಲೆ ಗೋಡೌನಿನಲ್ಲಿ ಬಿದ್ದಿದ್ದ ಕೇಬಲ್ ಒಳಗೇ ತುಕ್ಕು ಹಿಡಿದಿರಬಹುದು.

ಗೆಳೆಯರ ಹಳೇ ಮಾರುತಿ 800ರ ಆಕ್ಸಿಲರೇಟರ್ ಕೇಬಲ್ಲನ್ನೂ ಕೇಳಿದ್ದೀರಿ. ಅಲ್ಲಿ ಹೊಸೆದ ತಂತಿಯೇ ಸರಿ, ವಾಪಸ್ ಎಳೆಯೋಕೆ ಸ್ಪ್ರಿಂಗ್ ಇದೆ. ಮೊದಲು ಔಟರ್ ಪೋಣಿಸಿ, ಆಮೇಲೆ ಕೊನೆಯ ನಿಪ್ಪಲ್. ಹಿತ್ತಾಳೆ ನಿಪ್ಪಲ್ ಯಾವ ಲೇತ್‌ನವರಾದರೂ ಮಾಡಿಕೊಡುತ್ತಾರೆ, ಒಂದು ಬಾಯಿ ಅಗಲವಾಗಿರಲಿ. ತಂತಿಯ ಎಳೆಗಳನ್ನು ಆ ಬಾಯಲ್ಲಿ ಹೂವಿನಂತೆ ಅರಳಿಸಿ ಸೋಲ್ಡರ್ ಬೆಸುಗೆ ತುಂಬಿ. ನೇರ ತಂತಿಗೆ ಸುಮ್ನೆ ಬೆಸುಗೆ ಮೆತ್ತಿದರೆ ಜಾರಿ ಬರುತ್ತೆ. ಗ್ಯಾಸ್ ಬೆಂಕಿ ಹಿಡಿಯಬೇಡಿ, ಜಾಸ್ತಿ ಕಾವು ತಗುಲಿದರೆ ತಂತಿ ಬಲ ಕಳೆದುಕೊಂಡು ನಿಪ್ಪಲ್ ಪಕ್ಕದಲ್ಲೇ ತುಂಡಾಗುತ್ತೆ. ಆಸಿಡ್ ಫ್ಲಕ್ಸ್ ಬಳಸಿದರೆ ಸೋಡಾ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಆಮೇಲೆ ವೈಸ್‌ಗೆ ಕಚ್ಚಿಸಿ ಜೋರಾಗಿ ಎಳೆದು ನೋಡಿ.

ಹ್ಯಾಂಡ್ ಬ್ರೇಕ್ ಕೇಬಲ್ ಮಾತ್ರ ಮನೆಯಲ್ಲಿ ಮಾಡಬೇಡಿ. ಅದರ ತುದಿಗಳನ್ನು ಯಂತ್ರದಲ್ಲಿ ಪ್ರೆಸ್ ಮಾಡಿಯೇ ಕೂರಿಸಬೇಕು. ಇಳಿಜಾರಿನಲ್ಲಿ ನಿಂತ ಕಾರಿನ ಭಾರ ಬೆಸುಗೆ ತಡೆಯಲ್ಲ. ಹಳೇ ಕೇಬಲ್ ಎಸೆಯದೆ ಕೇಬಲ್ ಮಾಡುವವರಿಗೆ ಅದನ್ನೇ ಕೊಟ್ಟು, ಅದೇ ಅಳತೆಗೆ ಪ್ರೆಸ್ ಮಾಡಿಸಿಕೊಂಡು ಬನ್ನಿ.