ಮನೆಯಲ್ಲಿ ಆರೈಕೆ ಮಾಡುವವರ ಸಮೀಕ್ಷೆ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಅತ್ತೆಗೆ ಮರೆವಿನ ಕಾಯಿಲೆ, ನೋಡಿಕೊಳ್ಳುವವರು ನೀವೊಬ್ಬರೇ, ಸಂಶೋಧನೆಯ ಸಮೀಕ್ಷೆಗೆ ಉತ್ತರ ಕೊಟ್ಟರೆ ಮನೆ ವಿಷಯ ಹೊರಗೆ ಹೋಗುತ್ತಾ ಅಂತ ಕೇಳಿದ್ದೀರಿ. ಭಯ ಸಹಜ ಮೇಡಂ. ಮೊದಲು ಒಪ್ಪಿಗೆ ಪತ್ರ ಓದಿ. ಎಥಿಕ್ಸ್ ಕಮಿಟಿಯ (ಸಂಶೋಧನೆ ನ್ಯಾಯವಾಗಿ ನಡೆಯುತ್ತಾ ಅಂತ ನೋಡುವ ಸಮಿತಿ) ಅನುಮತಿ ಇದೆಯಾ, ಹೆಸರು ಗುಟ್ಟಾಗಿಡುತ್ತಾರಾ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಬ್ಯಾಂಕ್ ವಿವರ, ಒಟಿಪಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಇಂಥ ಸಮೀಕ್ಷೆಗಳಲ್ಲಿ ಜಾಸ್ತಿ ಬಳಸುವ, ಆರೈಕೆ ಮಾಡುವವರ ಮೇಲಿನ ಹೊರೆ ಅಳೆಯುವ ಜಾರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ. ನಿಮಗೆ ಅಂತ ಸಮಯ ಸಿಗುತ್ತಿಲ್ಲ ಅನ್ನಿಸುತ್ತಾ, ಅವರ ಹತ್ತಿರ ಇದ್ದಾಗ ಸಿಟ್ಟು ಬರುತ್ತಾ ಅಂತೆಲ್ಲ ಕೇಳುತ್ತಾರೆ. ಬರುತ್ತಿದ್ದರೆ ಹಾಗೇ ಗುರುತು ಹಾಕಿ, ಸಂಕೋಚ ಬೇಡ. ಎಲ್ಲ ಚೆನ್ನಾಗಿದೆ ಅಂತ ಸುಮ್ನೆ ತುಂಬಿದರೆ, ನಡುರಾತ್ರಿ ಎದ್ದು ಒದ್ದೆ ಹಾಸಿಗೆ ಬದಲಿಸುವ ನಿಮ್ಮ ಕಷ್ಟ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?