ರೀಲ್‌ನ ಲಕ್ಷಣ ಹೊಂದಿದ್ರ ಎಡಿಎಚ್‌ಡಿ ಅಲ್ಲ

ಜಮಖಂಡಿಯ ಅಕ್ಕಾರ, ಏಳು ವರ್ಷದ ಮಗ ಕೂತಲ್ಲಿ ಕೂಡಂಗಿಲ್ಲ, ‘ಎಡಿಎಚ್‌ಡಿಯ ಐದು ಲಕ್ಷಣ’ (ಎಡಿಎಚ್‌ಡಿ ಅಂದ್ರ ಗಮನ ನಿಲ್ಲದ, ಅತಿ ಚಡಪಡಿಸೋ ತೊಂದರೆ) ಅನ್ನೋ ರೀಲ್‌ನಾಗ ನಾಲ್ಕು ಹೊಂದ್ಯಾವ, ರೀಲ್ ಮಾಡಿದವರು ಮಾರೋ ಪುಡಿ ಕೊಡ್ಲೇನು ಅಂತ ಕೇಳೀರಿ. ಪುಡಿ ಬ್ಯಾಡ್ರಿ. ರೋಗದ ಹೆಸರು ಹೇಳಿದವರೇ ಮದ್ದೂ ಮಾರಾಕತ್ತಿದ್ರ ಅಲ್ಲೇ ಅನುಮಾನ ಬರಬೇಕು.

ವೈದ್ಯರ ಅಳತೆ ಬ್ಯಾರೆ. ಗಮನ ನಿಲ್ಲದಿರೋದು, ಅತಿ ಚಡಪಡಿಕೆ ಅಂತ ಎರಡು ಗುಂಪು. ಒಂದರಾಗಾದ್ರೂ 9 ಲಕ್ಷಣದಾಗ ಕನಿಷ್ಠ 6 ಇರಬೇಕು, ಅದೂ 6 ತಿಂಗಳಿಂದ. 12 ವರ್ಷದೊಳಗ ಶುರುವಾಗಿ, ಮನಿ-ಸಾಲಿ ಎರಡೂ ಕಡೆ ಕಂಡು, ಕಲಿಕೆಗೋ ದಿನದ ಬದುಕಿಗೋ ತೊಡಕಾಗಿರಬೇಕು. ರೀಲ್ ಈ ಅವಧಿ, ಜಾಗ ಎರಡನ್ನೂ ನುಂಗಿಬಿಡ್ತದ; ಅದಕ್ಕ ಓಣ್ಯಾಗಿನ ಅರ್ಧ ಹುಡುಗರಿಗೆ ಹೊಂದ್ತದ.

ನಿದ್ದಿ ಕಮ್ಮಿ, ಕಿವಿ ಮಂದ, ಕಣ್ಣಿನ ದೋಷ ಇದ್ರೂ ಹುಡುಗರು ಹಿಂಗ ಆಡ್ತಾವ. ಮೊದಲು ಅವನ್ನ ತೋರಿಸ್ರಿ. ಎರಡು ವಾರ ಮಲಗೋ ಹೊತ್ತು, ಎಲ್ಲಿ, ಯಾವಾಗ ಚಡಪಡಿಕೆ ಅಂತ ಬರದಿಡ್ರಿ. ಟೀಚರ್ ಕಡೆಯಿಂದ್ಲೂ ನಾಲ್ಕು ಸಾಲು ಬರಸ್ಕೊಳ್ರಿ. ಅದನ್ನ ಹಿಡ್ಕೊಂಡು ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರ ಹತ್ರ ಹೋಗ್ರಿ, ಬೇಕಾದ್ರ ಮುಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಹೋಗೋ ಮುಂಚೆ ಮಾತಾಡಬೇಕಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಪುಕ್ಕಟೆ.

ಹಾಂ, ರಕ್ತ ಪರೀಕ್ಷೆ, ಬ್ರೇನ್ ಸ್ಕ್ಯಾನ್‌ನಿಂದ ಎಡಿಎಚ್‌ಡಿ ಪತ್ತೆಯಾಗಂಗಿಲ್ಲ. ಅಂಥ ಪ್ಯಾಕೇಜಿಗೆ ರೊಕ್ಕ ಕಟ್ಟಬ್ಯಾಡ್ರಿ.