ಕಾರ್ಡಿನ ವಿಮೆ ಅಂಟಾರ್ಕ್ಟಿಕಾದವರೆಗೆ ಸಾಕೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಿವೃತ್ತ ದಂಪತಿ, ನನಗೆ 68, ಪತ್ನಿಗೆ 66. ಮುಂದಿನ ಜನವರಿಯಲ್ಲಿ ಅರ್ಜೆಂಟೀನಾದ ಉಶುವಾಯಾದಿಂದ ಹೊರಡುವ ಅಂಟಾರ್ಕ್ಟಿಕಾ ಕ್ರೂಸ್‌ಗೆ ಹೋಗಬೇಕೆಂದಿದ್ದೇವೆ. ಇಬ್ಬರಿಗೂ ಸೇರಿ 32,000 ಡಾಲರ್. ಮುಂಗಡ ಇನ್ನೂ ಕಟ್ಟಿಲ್ಲ. ನಮ್ಮ ಕ್ರೆಡಿಟ್ ಕಾರ್ಡಿನ ಪ್ರಯಾಣ ವಿಮೆಯಲ್ಲಿ ಪ್ರವಾಸ ರದ್ದಾದರೆ ತಲಾ 10,000 ಡಾಲರ್, ಚಿಕಿತ್ಸೆಗೆ 2,500 ಡಾಲರ್, ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಅಥವಾ ಮನೆಗೆ ಒಯ್ಯುವ ತುರ್ತು ಸಾಗಣೆಗೆ 1 ಲಕ್ಷ ಡಾಲರ್ ಇದೆ. ಇಬ್ಬರಿಗೂ ಮೆಡಿಕೇರ್ (ಹಿರಿಯರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಮತ್ತು ಮೆಡಿಗ್ಯಾಪ್ ಪ್ಲಾನ್ ಜಿ (ಅದರ ಕೊರತೆ ತುಂಬುವ ಖಾಸಗಿ ಪೂರಕ ವಿಮೆ) ಇವೆ. ಮೈಸೂರಿನಲ್ಲಿರುವ 89 ವರ್ಷದ ನನ್ನ ತಾಯಿ ಎರಡು ತಿಂಗಳ ಹಿಂದೆ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿ ಬಂದಿದ್ದಾರೆ. ಕಾರ್ಡಿನಲ್ಲಿ ಕೊರತೆ ಬೀಳುವ 12,000 ಡಾಲರ್‌ಗೆ ಮಾತ್ರ ಬೇರೆ ಪಾಲಿಸಿ ಕೊಂಡರೆ ಸಾಕೇ?
— ಹೆಸರು ಬೇಡ, ನ್ಯೂಜೆರ್ಸಿ

ಉತ್ತರ: ಕೊರತೆಯ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದೀರಿ. ಆದರೆ ಈ ಪ್ರವಾಸ ರದ್ದಾಗುವುದಾದರೆ ಯಾವ ಕಾರಣಕ್ಕೆ ಆದೀತು ಎಂದು ಯೋಚಿಸಿದರೆ, ಮೊದಲು ನೆನಪಿಗೆ ಬರುವವರು ನಿಮ್ಮ ತಾಯಿಯವರು. ಹೊರಡುವ ವಾರ ಅವರು ಮತ್ತೆ ಆಸ್ಪತ್ರೆ ಸೇರಿದರೆ ನೀವು ಉಶುವಾಯಾಕ್ಕೆ ಹೋಗುವುದಿಲ್ಲ, ಮೈಸೂರಿಗೆ ಹೋಗುತ್ತೀರಿ. ಕಾರ್ಡಿನ ವಿಮೆಗಳಲ್ಲಿ, ಮೊದಲೇ ಇರುವ ಕಾಯಿಲೆಯಿಂದ ಆದ ರದ್ದತಿಗೆ ಹಣವಿಲ್ಲ ಎಂಬ ಷರತ್ತು ಸಾಮಾನ್ಯ. ಎಷ್ಟೋ ಕಡೆ ಅದು ಪ್ರಯಾಣಿಕರಿಗೆ ಮಾತ್ರವಲ್ಲದೆ, ಮನೆಯಲ್ಲೇ ಉಳಿದಿರುವ ಹತ್ತಿರದ ಸಂಬಂಧಿಗಳಿಗೂ ಅನ್ವಯಿಸುತ್ತದೆ. ಹಾಗಿದ್ದರೆ ನಿಮಗೆ ಬೀಳುವ ಕೊರತೆ 12,000 ಅಲ್ಲ, ಪೂರ್ತಿ 32,000.

ಪ್ರತ್ಯೇಕ ಪ್ರಯಾಣ ವಿಮೆಯಲ್ಲೂ ಇದೇ ಷರತ್ತು ಇರುತ್ತದೆ. ಪಾಲಿಸಿ ಕೊಳ್ಳುವುದಕ್ಕೆ ಹಿಂದಿನ 60ರಿಂದ 180 ದಿನಗಳಲ್ಲಿ ಚಿಕಿತ್ಸೆ ಪಡೆದ ಅಥವಾ ಔಷಧಿ ಬದಲಾದ ಕಾಯಿಲೆಯನ್ನು ಕಂಪನಿಗಳು ಹೊರಗಿಡುತ್ತವೆ, ಮತ್ತು ತಾಯಿಯವರ ಆಸ್ಪತ್ರೆವಾಸ ಈ ಅವಧಿಯೊಳಗೆ ಬರುವ ಸಂಭವವೇ ಹೆಚ್ಚು. ವ್ಯತ್ಯಾಸವೆಂದರೆ, ಮೊದಲ ಮುಂಗಡ ಕಟ್ಟಿದ ದಿನದಿಂದ 14 ಅಥವಾ 21 ದಿನಗಳೊಳಗೆ ಪಾಲಿಸಿ ಕೊಂಡವರಿಗೆ ಹಲವು ಕಂಪನಿಗಳು ಈ ಷರತ್ತನ್ನು ಮನ್ನಾ ಮಾಡುತ್ತವೆ. ನೀವು ಇನ್ನೂ ಮುಂಗಡ ಕಟ್ಟಿಲ್ಲದಿರುವುದು ಒಳ್ಳೆಯದೇ ಆಯಿತು. ಆದರೆ ಮನ್ನಾ ಸಿಗಬೇಕಾದರೆ, ಹಿಂದಿರುಗಿ ಬಾರದ ಖರ್ಚು ಎಷ್ಟಿದೆಯೋ ಅಷ್ಟಕ್ಕೂ ವಿಮೆ ಮಾಡಿಸಿರಬೇಕು ಎಂದು ಹೆಚ್ಚಿನ ಪಾಲಿಸಿಗಳು ಕೇಳುತ್ತವೆ. ಆದ್ದರಿಂದ 12,000 ಡಾಲರ್‌ಗೆ ಮಾತ್ರ ಕೊಳ್ಳುವ ನಿಮ್ಮ ಉಪಾಯದಲ್ಲಿ ಪ್ರೀಮಿಯಂ ಉಳಿದರೂ ಮನ್ನಾ ಕೈತಪ್ಪುತ್ತದೆ. ಮೊದಲು ಮುಂಗಡದ ಮೊತ್ತಕ್ಕೆ ವಿಮೆ ಮಾಡಿಸಿ, ಬಾಕಿ ಹಣ ಕಟ್ಟಿದಾಗ ಮತ್ತು ವಿಮಾನದ ಟಿಕೆಟ್ ಕೊಂಡಾಗ ಪಾಲಿಸಿ ಹೇಳಿದಷ್ಟು ದಿನಗಳೊಳಗೆ ಆ ಮೊತ್ತಗಳನ್ನು ಸೇರಿಸುತ್ತ ಹೋಗಬಹುದು.

ಇನ್ನು ಚಿಕಿತ್ಸೆಯ ವಿಷಯ. ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗೆ ನಡೆಯುವುದಿಲ್ಲ. ಹಡಗಿನಲ್ಲಿ ಚಿಕಿತ್ಸೆ ಪಡೆದರೂ, ಹಡಗು ಅಮೆರಿಕದ ಬಂದರಿನಿಂದ ಆರು ಗಂಟೆಗಿಂತ ದೂರವಿದ್ದರೆ ಅದರಿಂದ ಹಣ ಬರುವುದಿಲ್ಲ. ಮೆಡಿಗ್ಯಾಪ್ ಪ್ಲಾನ್ ಜಿ ವಿದೇಶದ ತುರ್ತು ಚಿಕಿತ್ಸೆಗೆ ಮೊದಲ 250 ಡಾಲರ್ ನಿಮಗೇ ಬಿಟ್ಟು ಉಳಿದುದರ ಶೇ 80ರಷ್ಟನ್ನು ಕೊಡುತ್ತದೆ. ಅದೂ ಪ್ರವಾಸದ ಮೊದಲ 60 ದಿನಗಳಲ್ಲಿ ಶುರುವಾದ ತೊಂದರೆಗೆ, ಜೀವಮಾನಕ್ಕೆಲ್ಲ ಸೇರಿ 50,000 ಡಾಲರ್ ಮಿತಿಗೆ ಒಳಪಟ್ಟು. ಕಾರ್ಡಿನ 2,500 ಡಾಲರ್ ಹಡಗಿನ ವೈದ್ಯರ ಬಿಲ್ಲಿಗೇ ಸಾಲದೆ ಹೋದೀತು.

ಉಶುವಾಯಾದಿಂದ ಅಂಟಾರ್ಕ್ಟಿಕಾಕ್ಕೆ ಹೋಗುವ ದಾರಿಯ ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ ಬೇಕು. ಆಚೆ ಯಾರಾದರೂ ಕುಸಿದು ಬಿದ್ದರೆ ಹಡಗು ಸಾಮಾನ್ಯವಾಗಿ ಕಿಂಗ್ ಜಾರ್ಜ್ ದ್ವೀಪದತ್ತ ತಿರುಗಬೇಕು; ಅಲ್ಲಿನ ಚಿಲಿಯ ನೆಲೆಯ ರನ್‌ವೇಯಿಂದ ದಕ್ಷಿಣ ಚಿಲಿಯ ಪುಂಟಾ ಅರೀನಸ್ ನಗರಕ್ಕೆ ಎರಡು ಗಂಟೆಯ ಹಾರಾಟ, ಅದೂ ಮಂಜು ಸರಿದರೆ. ಅಲ್ಲಿಂದ ನ್ಯೂಜೆರ್ಸಿಗೆ ವೈದ್ಯರ ಜೊತೆಯಲ್ಲಿ ಬರುವ ವಿಮಾನದ ಖರ್ಚು ಬೇರೆ. ಮೆಡಿಗ್ಯಾಪ್ ಇದಕ್ಕೆ ನೆರವಾಗದು. ಅಂಟಾರ್ಕ್ಟಿಕಾಕ್ಕೆ ಹೋಗುವ ಹಲವು ಹಡಗು ಕಂಪನಿಗಳು ತುರ್ತು ಸಾಗಣೆ ವಿಮೆಯ ದಾಖಲೆ ತೋರಿಸದವರನ್ನು ಹತ್ತಿಸಿಕೊಳ್ಳುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಸಾಗಣೆಗೆ ತಲಾ 5 ಲಕ್ಷ, ಚಿಕಿತ್ಸೆಗೆ ತಲಾ 1 ಲಕ್ಷ ಡಾಲರ್‌ಗಿಂತ ಕಡಿಮೆಯ ಪಾಲಿಸಿ ನಿಮಗೆ ಬೇಡ. ಸಾಗಣೆಯನ್ನು ವಿಮಾ ಕಂಪನಿಯ ಸಹಾಯವಾಣಿಯ ಮೂಲಕವೇ ಏರ್ಪಡಿಸಬೇಕು. ಮಕ್ಕಳು ಗಾಬರಿಯಲ್ಲಿ ತಾವೇ ವಿಮಾನ ಗೊತ್ತುಮಾಡಿದರೆ ಕ್ಲೇಮು ತಿರಸ್ಕೃತವಾಗಬಹುದು. ಆ ದೂರವಾಣಿ ಸಂಖ್ಯೆಯನ್ನು ಈಗಲೇ ಅವರ ಕೈಗೆ ಕೊಟ್ಟಿಡಿ.

ಯಾವ ಕಾರಣಕ್ಕಾದರೂ ರದ್ದು ಮಾಡಬಹುದಾದ ಹೆಚ್ಚುವರಿ ಸೌಲಭ್ಯವೂ ಇದೆ. ಸಾಮಾನ್ಯವಾಗಿ ಶೇ 50ರಿಂದ 75ರಷ್ಟು ಮಾತ್ರ ಹಿಂದಿರುಗುತ್ತದೆ ಮತ್ತು ಪ್ರೀಮಿಯಂ ಚೆನ್ನಾಗಿಯೇ ಏರುತ್ತದೆ. ಮನ್ನಾ ಸಿಕ್ಕರೆ ಅದು ನಿಮಗೆ ಬೇಕಾಗಲಾರದು.

ಹಾಗೆಂದು ಕಾರ್ಡನ್ನು ಬದಿಗಿಡಬೇಡಿ. ಹಣವನ್ನು ಅದರಲ್ಲೇ ಕಟ್ಟಿ. ಸಾಮಾನು ಕಳೆದರೆ, ವಿಮಾನ ತಡವಾದರೆ ಉಪಯೋಗಕ್ಕೆ ಬರುತ್ತದೆ. ಬೇರೆ ಕ್ರೂಸ್‌ಗಳಲ್ಲಿ ಹಡಗು ತಪ್ಪಿದವರು ಮುಂದಿನ ಬಂದರಿಗೆ ಹಾರಿ ಹತ್ತಿಕೊಳ್ಳಬಹುದು. ಇಲ್ಲಿ ಅಂಥ ಮುಂದಿನ ಬಂದರೇ ಇಲ್ಲವಾದ್ದರಿಂದ ಎರಡು ದಿನ ಮೊದಲೇ ಉಶುವಾಯಾ ತಲುಪಿರಿ.

ಕೊಳ್ಳುವ ಮುನ್ನ ವಿಮಾ ಕಂಪನಿಗೆ ಇಮೇಲ್ ಬರೆದು, ಭಾರತದಲ್ಲಿರುವ ತಾಯಿಯವರ ಹೃದಯದ ಕಾಯಿಲೆಗೂ ಮನ್ನಾ ಅನ್ವಯಿಸುತ್ತದೆಯೇ ಎಂದು ಕೇಳಿ, ಬಂದ ಉತ್ತರವನ್ನು ಪಾಲಿಸಿಯ ಜೊತೆಗೇ ಇಟ್ಟುಕೊಳ್ಳಿ.